ಬ್ಲೋವರಿಗೆ ಮಾವನ ಮದ್ದು

ಬಳ್ಳಾರಿಯಲ್ಲಿ ಕಾರಿನ ಎಸಿ ಕೈಕೊಟ್ಟಿದೆ ಅಂತ ಯಾರ ಹತ್ತಿರವಾದರೂ ಹೇಳಿ ನೋಡಿ. ‘ಗ್ಯಾಸ್ ಹೋಗಿರ್ತೈತಿ ಬಿಡ್ರಿ’ ಅಂತಾರೆ. ಕಾರೇ ಇಲ್ಲದವರೂ ಅಂತಾರೆ. ಮಿರ್ಚಿ ಬಂಡಿಯವನು ಎಣ್ಣೆಯಿಂದ ಕಣ್ಣು ಎತ್ತದೆಯೇ ಅಂದ.

ಗಾಳಿ ಬರುತ್ತಿದೆ, ಆದರೆ ತಣ್ಣಗಿಲ್ಲ ಅಂದರೆ ಗ್ಯಾಸಿನ ಮಾತು ಸರಿ. ನನ್ನ ಕಾರಿನಲ್ಲಿ ಗಾಳಿಯೇ ಇಲ್ಲ. ನಾಬ್ ಒಂದಕ್ಕಿಟ್ಟರೂ ಅಷ್ಟೇ, ನಾಲ್ಕಕ್ಕಿಟ್ಟರೂ ಅಷ್ಟೇ. ಗ್ಯಾಸ್ ತುಂಬಿಸಿಬಿಟ್ಟೆ ಅಂತಲೇ ಇಟ್ಟುಕೊಳ್ಳಿ, ಆಮೇಲೆ ಊದುವವರು ಯಾರು, ನಾನಾ?

ಏಪ್ರಿಲ್ ತಿಂಗಳು ಬೇರೆ. ಕಿಟಕಿ ಇಳಿಸಿಕೊಂಡು ಹೋದರಾಯ್ತಲ್ವಾ ಅಂತ ಬೆಂಗಳೂರಿನವರು ಸುಲಭವಾಗಿ ಹೇಳುತ್ತಾರೆ. ನಾನು ದಿನಾ ಕುಡತಿನಿ ದಾಟಿ ತೋರಣಗಲ್ಲಿಗೆ ಹೋಗುವವನು. ಮುಂದೆ ಅದಿರಿನ ಲಾರಿ, ಹಿಂದೆಯೂ ಅದಿರಿನ ಲಾರಿ. ಕಿಟಕಿ ಇಳಿಸಿದರೆ ಆಫೀಸು ಮುಟ್ಟುವಷ್ಟರಲ್ಲಿ ಬಿಳಿ ಅಂಗಿ ಕಾವಿ ಬಣ್ಣಕ್ಕೆ ತಿರುಗಿರುತ್ತದೆ. ಏರಿಸಿದರೆ ಅಂಗಿ ಬೆಳ್ಳಗಿರುತ್ತದೆ, ಒಳಗಿನವನು ಬೆಂದಿರುತ್ತಾನೆ.

ಫ್ಯೂಸ್ ತೆಗೆದು ನೋಡಿದೆ, ಸರಿಯಾಗಿತ್ತು. ಫ್ಯಾನಿನ ಸ್ಪೀಡ್ ತಗ್ಗಿಸುವ ರೆಸಿಸ್ಟರ್ ಸುಟ್ಟಿರಬಹುದಾ ಅಂದರೆ, ಅದು ಸುಟ್ಟರೆ ಸಾಮಾನ್ಯವಾಗಿ ಮೊದಲ ಮೂರು ಸ್ಪೀಡ್ ಹೋಗುತ್ತವೆ, ನಾಲ್ಕನೆಯದು ಮಾತ್ರ ಬದುಕಿರುತ್ತದೆ. ಯಾಕೆಂದರೆ ಫುಲ್ ಸ್ಪೀಡಿಗೆ ಕರೆಂಟು ರೆಸಿಸ್ಟರಿನ ಮೂಲಕ ಬರಬೇಕಾಗಿಲ್ಲ. ನನ್ನದು ನಾಲ್ಕಕ್ಕೂ ಉಸಿರೆತ್ತುತ್ತಿರಲಿಲ್ಲ. ಅಂದಮೇಲೆ ಅನುಮಾನ ಬ್ಲೋವರಿನ, ಅಂದರೆ ಊದುವ ಫ್ಯಾನಿನ ಮೋಟರಿನ ಮೇಲೆ.

ಸ್ಪೇರ್ ಪಾರ್ಟ್ಸ್ ಅಂಗಡಿಗೆ ಹೋಗಿ ‘ಹೀಟರ್ ಬ್ಲೋವರ್ ಮೋಟರ್ ಇದೆಯಾ’ ಅಂತ ಕೇಳಿದೆ. ಎಸಿಗೂ ಹೀಟರಿಗೂ ಊದುವ ಫ್ಯಾನ್ ಒಂದೇ ತಾನೇ. ಅಂಗಡಿಯವನು ಗೋಡೆಯ ಕ್ಯಾಲೆಂಡರ್ ನೋಡಿದ, ಆಮೇಲೆ ನನ್ನನ್ನು ನೋಡಿದ. ‘ಹೀಟರ್ ಯಾಕ್ ಬೇಕ್ ಸಾರ್? ಹೊರಗ ನಿಲ್ರಿ, ಪುಕ್ಸಟ್ಟೆ ಸಿಗತೈತಿ’ ಅಂದ. ಅಲ್ಲಿದ್ದವರೆಲ್ಲ ನಕ್ಕರು. ನಗಲಿ ಬಿಡಿ, ನಮ್ಮೂರ ಕಾರುಗಳಲ್ಲಿ ಹೀಟರ್ ನಾಬಿನ ಕೆಂಪು ಕಡೆಯನ್ನು ಯಾರೂ ಮುಟ್ಟಿರುವುದಿಲ್ಲ. ಮೋಟರ್ ಮಾತ್ರ ಇರಲಿಲ್ಲ, ತರಿಸಬೇಕು ಅಂದ.

ಆ ತರಿಸುವ ಗ್ಯಾಪಿನಲ್ಲಿ ನಮ್ಮ ಮಾವ ಕಾರು ಹತ್ತಿದರು.

ಮಾವ ಲೈನ್‌ಮನ್ ಆಗಿ ರಿಟೈರ್ ಆದವರು. ಕೆಇಬಿ 1999ರಲ್ಲಿ ಕೆಪಿಟಿಸಿಎಲ್ ಆಯ್ತು, 2002ರಲ್ಲಿ ನಮ್ಮ ಕಡೆಗೆ ಜೆಸ್ಕಾಂ ಬಂತು. ಮಾವನ ಬಾಯಲ್ಲಿ ಇವತ್ತಿಗೂ ಕೆಇಬಿಯೇ. ಕರೆಂಟಿನಿಂದ ನಡೆಯುವ ಯಾವುದೇ ವಸ್ತು ಕೆಟ್ಟರೆ ಮೊದಲು ಅದಕ್ಕೆ ಒಂದು ಬಿಡಬೇಕು ಅನ್ನುವುದು ಅವರ ಸಿದ್ಧಾಂತ. ರೇಡಿಯೊ, ಟಿವಿ, ಮಿಕ್ಸಿ, ಎಲ್ಲವೂ ಅವರ ಕೈಯಲ್ಲಿ ಪೆಟ್ಟು ತಿಂದೇ ದೊಡ್ಡವಾದವು. ಸೆಟ್‌ಟಾಪ್ ಬಾಕ್ಸ್ ಅಂತೂ ಅವರು ಬಂದರೆ ತಾನಾಗಿಯೇ ಸರಿಹೋಗುತ್ತದೆ.

ಸೀಟಿನಲ್ಲಿ ಕೂತರು. ‘ಗಾಳಿ ಯಾಕಿಲ್ಲ ಅಳಿಯಾರ?’ ಅಂದರು. ಮೋಟರ್, ರೆಸಿಸ್ಟರ್, ನಾಲ್ಕು ಸ್ಪೀಡ್ ಅಂತ ವಿವರಿಸಿದೆ. ಕೇಳಿದ ಹಾಗೆ ಕಾಣಲಿಲ್ಲ. ಎಡಗೈಯ ವಾಚು ಬಿಚ್ಚಿ ಜೇಬಿಗೆ ಹಾಕಿಕೊಂಡರು. ಡಾಕ್ಟರು ಹೊಟ್ಟೆ ಒತ್ತಿ ನೋಡುವಂತೆ ಡ್ಯಾಶ್‌ಬೋರ್ಡಿನ ಮೇಲೆ ಅಂಗೈ ಆಡಿಸುತ್ತಾ ಹೋದರು. ಏರ್‌ಬ್ಯಾಗ್ ಅಂತ ಕೆತ್ತಿರುವ ಜಾಗದ ಹತ್ತಿರ ಕೈ ನಿಂತಿತು. ‘ಅಲ್ಲಿ ಬ್ಯಾಡ ಮಾವ’ ಅನ್ನುವಷ್ಟರಲ್ಲಿ, ಧಡ್!

ಬ್ಲೋವರ್ ‘ಗುಂಯ್’ ಅಂತು. ಮೊದಲು ಒಂದು ಬೊಗಸೆ ಕೆಂಪು ಧೂಳು ಇಬ್ಬರ ಮುಖಕ್ಕೂ ಬಂತು, ಹಿಂದೆಯೇ ಗಾಳಿ. ಮಾವ ನನ್ನ ಕಡೆ ತಿರುಗಿಯೂ ನೋಡಲಿಲ್ಲ. ರಸ್ತೆ ನೋಡುತ್ತಾ, ‘ಹ್ಞೂ, ನಡೀರಿ’ ಅಂದರು.

ಇದರಲ್ಲಿ ಪವಾಡ ಏನೂ ಇಲ್ಲ. ಮೋಟರಿನೊಳಗೆ ತಿರುಗುವ ಭಾಗಕ್ಕೆ ಕರೆಂಟು ಮುಟ್ಟಿಸುವ ಕಾರ್ಬನ್ ಬ್ರಷ್ ಇರುತ್ತವೆ. ಸವೆದು ಗಿಡ್ಡವಾದರೆ ಸರಿಯಾಗಿ ಮುಟ್ಟುವುದಿಲ್ಲ. ಪೆಟ್ಟು ಬಿದ್ದಾಗ ಅಲುಗಿ ಮತ್ತೆ ಮುಟ್ಟುತ್ತವೆ, ತಿರುಗುತ್ತದೆ. ಇದನ್ನು ಮಾವನಿಗೆ ಹೇಳಿದೆ. ‘ಅದನ್ನೇ ನಾ ಮಾಡಿದ್ದು’ ಅಂದರು.

ತೊಂದರೆ ಶುರುವಾಗಿದ್ದೇ ಆಮೇಲೆ. ಕಾರು ಆಫ್ ಮಾಡಿದರೆ ಬ್ಲೋವರ್ ಮತ್ತೆ ಸತ್ಯಾಗ್ರಹಕ್ಕೆ ಕೂರುತ್ತಿತ್ತು. ಮಾವ ನಾನು ಹೋದಲ್ಲೆಲ್ಲ ಬರತೊಡಗಿದರು. ತರಕಾರಿಗೆ ಬಂದರು, ಬ್ಯಾಂಕಿಗೆ ಬಂದರು, ನನ್ನ ಸಹೋದ್ಯೋಗಿಯ ಮಗಳ ನಾಮಕರಣಕ್ಕೂ ಬಂದರು. ಮುಂದಿನ ಸೀಟು ಅವರಿಗೇ ಮೀಸಲು, ಹೆಂಡತಿ ಹಿಂದೆ. ಒಂದು ಸಲ ಅವಳು ಟಿಫಿನ್ ಡಬ್ಬಿಯಿಂದ ಕುಟ್ಟಿದಳು, ಏನೂ ಆಗಲಿಲ್ಲ. ‘ಜಾಗ ಗೊತ್ತಿರಬೇಕವ್ವಾ’ ಅಂದರು ಅಪ್ಪ. ನನ್ನ ಮಗನಿಗೆ ಮಾತ್ರ ಗುಟ್ಟು ಹೇಳಿಕೊಟ್ಟರು. ಅವನು ಈಗ ಫ್ರಿಜ್ಜಿಗೆ ಹೊಡೆಯುತ್ತಾನೆ. ಇಷ್ಟು ಸಣ್ಣ ಪೆಟ್ಟಿಗೆ ಏರ್‌ಬ್ಯಾಗ್ ಬಿಚ್ಚಿಕೊಳ್ಳುವುದಿಲ್ಲ ಅಂತ ಗೊತ್ತಿದ್ದೂ ಪ್ರತಿ ‘ಧಡ್’ಗೂ ನಾನು ಹಲ್ಲು ಕಚ್ಚುತ್ತಿದ್ದೆ.

ಒಂದು ಸಂಜೆ ಕೌಲ್ ಬಜಾರ್ ಕಡೆ ಟ್ರಾಫಿಕ್ಕಿನಲ್ಲಿ ನಿಂತಿದ್ದಾಗ ಮಾವ ಸುಮ್ನೆ ಒಂದು ಮಾತು ಹೇಳಿದರು. ಬೇಸಿಗೆಯ ರಾತ್ರಿ ಕರೆಂಟು ಹೋದರೆ ಓಣಿಯವರೆಲ್ಲ ಹೊರಸು ಹೊರಗೆ ಹಾಕಿಕೊಂಡು ಇವರ ಸೈಕಲ್ಲಿನ ದಾರಿ ಕಾಯುತ್ತಿದ್ದರಂತೆ. ಕಂಬ ಇಳಿಯುವ ಮೊದಲೇ ಲೈಟು ಬಂದರೆ ಹುಡುಗರು ‘ಹೋ’ ಅಂತ ಕೂಗುತ್ತಿದ್ದರಂತೆ. ‘ಈಗ ಯಾರ್ ಕರೀತಾರ ಬಿಡ್ರಿ’ ಅಂದರು. ಅವತ್ತು ನಾನು ಬೇಕೂ ಅಂತಲೇ ಕಾರು ಆಫ್ ಮಾಡಿ, ಮತ್ತೆ ಸ್ಟಾರ್ಟ್ ಮಾಡಿದೆ.

ಕೊನೆಗೆ ಮೋಟರ್ ಬಂತು. ಸರ್ವಿಸ್ ಸೆಂಟರಿನವರು ಡ್ಯಾಶ್‌ಬೋರ್ಡ್ ಪೂರಾ ಇಳಿಸಬೇಕು ಅಂದಿದ್ದರು. ರಸ್ತೆ ಬದಿಯ ಎಲೆಕ್ಟ್ರಿಷಿಯನ್ ಹುಡುಗ ಗ್ಲೋವ್ ಬಾಕ್ಸಿನ ಕೆಳಗೆ ತಲೆ ತೂರಿಸಿ, ಕನೆಕ್ಟರಿಗೆ ಮೀಟರ್ ಹಿಡಿದು, ‘ಕರೆಂಟ್ ಬರಾಕತ್ತೈತಿ, ಮೋಟರೇ ಹೋಗೈತಿ’ ಅಂದ. ಮಲಗಿಕೊಂಡೇ ಸ್ಕ್ರೂ ಬಿಚ್ಚಿ ಹಳೆಯದನ್ನು ಹೊರಗೆಳೆದ. ಎಸಿ ಫಿಲ್ಟರನ್ನೂ ತೆಗೆದು ಕಲ್ಲಿಗೆ ಬಡಿದ. ಮಡಿಕೆ ಮಡಿಕೆಯಿಂದ ಅದಿರಿನ ಪುಡಿ, ಒಣಗಿದ ಬೇವಿನೆಲೆ, ಪಾರಿವಾಳದ ಒಂದು ಪುಕ್ಕ ಉದುರಿದವು. ಸಂಡೂರಿನ ಗುಡ್ಡದ ಒಂದು ಪಾಲು ನನ್ನ ಕಾರಿನಲ್ಲೇ ಇತ್ತು, ರಾಯಲ್ಟಿ ಕಟ್ಟದೆ.

‘ಬ್ರಷ್ ಅಷ್ಟೇ ಹಾಕಿದ್ರ ಸಾಕಿತ್ತಲ್ಲೋ’ ಅಂದರು ಮಾವ. ‘ಬ್ರಷ್ ಬ್ಯಾರೆ ಬರಂಗಿಲ್ಲ ತಾತ, ಮೋಟರೇ ಹಾಕ್ಬೇಕು’ ಅಂದ ಹುಡುಗ. ಬಿಲ್ಲು ಕೊಟ್ಟೆ. ಅದರಲ್ಲಿ ಗ್ಯಾಸ್ ಚೆಕ್ ಮಾಡಿದ್ದಕ್ಕೂ ದುಡ್ಡು ಬರೆದಿದ್ದ!

ಮಾವ ಹಳೇ ಮೋಟರನ್ನು ಪೇಪರಿನಲ್ಲಿ ಸುತ್ತಿಸಿಕೊಂಡು ಮನೆಗೆ ಒಯ್ದರು. ಅದ್ಯಾವುದೋ ಹಳೇ ಮಿಕ್ಸಿಯ ಬ್ರಷ್ಷನ್ನು ಉಜ್ಜಿ ಸಣ್ಣಗೆ ಮಾಡಿ ಒಳಗೆ ಕೂರಿಸಿದರಂತೆ. ಈಗ ಅದು ಅವರ ಪಡಸಾಲೆಯಲ್ಲಿ ಹಳೇ ಬ್ಯಾಟರಿಗೆ ಕಟ್ಟಿಸಿಕೊಂಡು ಗುಂಯ್‌ಗುಟ್ಟುತ್ತಿದೆ. ಬಂದವರನ್ನೆಲ್ಲ ಅದರ ಮುಂದೆ ಕೂರಿಸಿ, ಗಾಳಿ ಸರಿಯಾಗಿ ಬರ್ತದಾ ಅಂತ ಕೇಳಿ, ಬರ್ತದೆ ಅಂದ ಮೇಲೆ ಹೇಳುತ್ತಾರಂತೆ: ‘ನಮ್ಮ ಅಳಿಯಾರು ಇದನ್ನ ಕೆಟ್ಟೈತಿ ಅಂತ ಬಿಸಾಕಿದ್ರು ನೋಡ್ರಿ.’