ಮೂಟೆಗೆ ಕಾಲಿಲ್ಲ

ಟೋಕಿಯೋದ ಇಕೆಬುಕುರೊ ಸ್ಟೇಷನ್ನಲ್ಲಿ ತೋಬು ಲೈನಿನ ಎಕ್ಸ್‌ಪ್ರೆಸ್ ಹತ್ತಿದ್ರೆ ಅರ್ಧ ಗಂಟೆಗೆ ಕವಾಗೊಯೆ. ಪುಟ್ಟ ಎದೊ ಅಂತ ಇದಕ್ಕೊಂದು ಅಡ್ಡಹೆಸರು, ಎದೊ ಅಂದ್ರೆ ಟೋಕಿಯೋದ ಹಳೇ ಹೆಸರು. ಊರಿಂದ ಬಂದಿದ್ದ ಅಮ್ಮನ್ನ ಕರ್ಕೊಂಡು ಹೋದೆ, ಯಾಕಂದ್ರೆ ದೊಡ್ಡ ದೊಡ್ಡ ಗಾಜಿನ ಬಿಲ್ಡಿಂಗ್ ನೋಡಿ ನೋಡಿ ಅವಳಿಗೆ ಬೋರ್ ಹೊಡೆದಿತ್ತು.

ಸ್ಟೇಷನ್ನಿಂದ ಸ್ವಲ್ಪ ದೂರ ನಡೀಬೇಕು. ಆಮೇಲೆ ಸಡನ್ನಾಗಿ ಎರಡೂ ಕಡೆ ಕಪ್ಪು ಕಪ್ಪು ಅಂಗಡಿಮನೆಗಳು, ತಲೆ ಮೇಲೆ ಇಷ್ಟು ಭಾರ ಯಾಕಪ್ಪಾ ಹೊತ್ಕೊಂಡಿವೆ ಅನ್ನಿಸೋ ಹಂಚಿನ ಮಾಡು. ಜಪಾನಲ್ಲಿ ಎಲ್ಲಿ ತಲೆ ಎತ್ತಿದ್ರೂ ಕರೆಂಟ್ ವೈರು, ಇಲ್ಲಿ ಮಾತ್ರ ಎಲ್ಲಾನೂ ನೆಲದೊಳಗೆ ಹೂತುಬಿಟ್ಟಿದ್ದಾರೆ. ಅಷ್ಟು ಮಾಡಿದೋರು ಕಾರು ಬಸ್ಸನ್ನ ಮಾತ್ರ ಅದೇ ರೋಡಲ್ಲಿ ಬಿಟ್ಟಿದ್ದಾರೆ, ಫೋಟೋ ತೆಗೆಯೋಕೆ ಎರಡು ಹೆಜ್ಜೆ ಹಿಂದೆ ಹೋದ್ರೆ ಹಿಂದಿಂದ ಬಸ್ಸು.

ಅಮ್ಮ ಒಂದು ಕಿಟಕಿ ಬಾಗಿಲು ನೋಡ್ಕೊಂಡು ನಿಂತ್ಲು. ಬಾಗಿಲಿನ ಅಂಚು ಗೊಂಬೆ ಕೂರಿಸೋ ಮೆಟ್ಟಿಲಿನ ಥರ ಇರತ್ತೆ, ಎರಡು ರೆಕ್ಕೆ ಮುಚ್ಚಿದ್ರೆ ಒಂದರ ಮೆಟ್ಟಿಲು ಇನ್ನೊಂದರ ಮೆಟ್ಟಿಲಿಗೆ ಕೂತು ಬೆಂಕಿ ನುಗ್ಗೋಕೆ ಸಂದಿನೇ ಇರಲ್ಲ. "ಇಷ್ಟು ದಪ್ಪ ಯಾಕೋ, ಒಳಗೇನು ಚಿನ್ನ ಇಟ್ಟಿದ್ರಾ?" ಅಂದ್ಲು.

ಚಿನ್ನ ಅಲ್ಲ, ಸರಕು. ಜಪಾನಿನ ಸಾಹುಕಾರರು ನೂರಾರು ವರ್ಷ ಮಾಡಿದ್ದು ಹೀಗೆ: ತಾವಿರೋದು ಮರದ ಮನೇಲಿ, ಬಟ್ಟೆ ಅಕ್ಕಿ ಎಲ್ಲ ಮಣ್ಣಿನ ಉಗ್ರಾಣದಲ್ಲಿ. ಬಿದಿರಿನ ತಡಿಕೆಗೆ ಮಣ್ಣನ್ನ ಪದರ ಪದರವಾಗಿ ಮೆತ್ತಿ, ಒಣಗಿಸಿ, ಮತ್ತೆ ಮೆತ್ತಿ, ಕೊನೆಗೆ ಸುಣ್ಣಕ್ಕೆ ಮಸಿ ಸೇರಿಸಿ ಹೊಳೆಯೋ ಹಾಗೆ ಉಜ್ಜೋದು. ಬೆಂಕಿ ಬಂತು ಅಂದ್ರೆ ಬಾಗಿಲು ಹಾಕಿ, ಸಂದಿಗೆಲ್ಲ ಹಸಿ ಮಣ್ಣು ಬಳಿದು, ಓಡೋದು. ಲೆಕ್ಕ ಸರಿಯಾಗೇ ಇದೆ ನೋಡಿ, ಮನುಷ್ಯನಿಗೆ ಕಾಲಿದೆ, ಮೂಟೆಗೆ ಇಲ್ಲ!

1893ರಲ್ಲಿ ಬೆಂಕಿ ಬಿದ್ದು ಊರಿನ ಮೂರನೇ ಒಂದು ಭಾಗ ಬೂದಿ ಆಯ್ತು, ಗಂಟೆ ಹೊಡೆದು ಊರಿಗೆ ಟೈಮ್ ಹೇಳ್ತಿದ್ದ ಗೋಪುರನೂ ಹೋಯ್ತು. ಉಳಿದದ್ದು ಇಂಥ ಮಣ್ಣಿನ ಕಟ್ಟಡಗಳು, 1792ರಲ್ಲಿ ಕಟ್ಟಿದ ಓಸಾವಾ ಮನೆ ಅದ್ರಲ್ಲೊಂದು, ಈಗಲೂ ಇದೆ. ಆವಾಗ ಸಾಹುಕಾರರಿಗೆ ಹೊಳೀತು, ಅಂಗಡಿನೇ ಉಗ್ರಾಣದ ಥರ ಕಟ್ಟಿಬಿಟ್ರೆ? ಅಂತೂ ಮೂಟೆಗಿದ್ದ ಮರ್ಯಾದೆ ಮಾಲೀಕನಿಗೂ ಸಿಕ್ತು. ಟೋಕಿಯೋದಲ್ಲಿ ಇಟ್ಟಿಗೆ ಕಟ್ಟಡದ ಫ್ಯಾಶನ್ ಬಂದಿದ್ದ ಕಾಲ ಅದು, ಇವರು ಮಾತ್ರ ಎದೊದ ಶ್ರೀಮಂತರ ಕಪ್ಪು ಗೋಡೆನೇ ಬೇಕು ಅಂದ್ರು. ಮುಂದೆ 1923ರ ಭೂಕಂಪ, 1945ರ ಬಾಂಬು, ಎರಡೂ ಸೇರಿ ಟೋಕಿಯೋದ ಅಂಥ ಬೀದಿಗಳನ್ನ ನುಂಗಿದ್ವು, ಹಾಗಾಗಿ ಹಳೇ ಟೋಕಿಯೋ ನೋಡ್ಬೇಕು ಅಂದ್ರೆ ಟೋಕಿಯೋ ಬಿಟ್ಟು ಟ್ರೈನ್ ಹತ್ಬೇಕು.

ಹತ್ರದಲ್ಲೇ ಮಿಠಾಯಿ ಗಲ್ಲಿ ಅಂತ ಒಂದಿದೆ. 1923ರಲ್ಲಿ ಟೋಕಿಯೋದ ಮಿಠಾಯಿ ಮಾಡೋರೆಲ್ಲ ನೆಲಕಚ್ಚಿದಾಗ ಆರ್ಡರ್‌ಗಳೆಲ್ಲ ಈ ಗಲ್ಲಿಗೆ ಬಂದು, ಒಂದು ಕಾಲಕ್ಕೆ ಎಪ್ಪತ್ತರಷ್ಟು ಅಂಗಡಿ ಇದ್ವಂತೆ, ಈಗ ಇಪ್ಪತ್ತು ಚಿಲ್ಲರೆ. ವ್ಯಾಪಾರ ಅಂದ್ರೆ ಹೀಗೇ, ಒಬ್ಬರ ಬೆಂಕಿ ಇನ್ನೊಬ್ಬರ ಒಲೆಗೆ.

ಅಮ್ಮನಿಗೆ ಇಷ್ಟ ಆಗಿದ್ದು ಮಾತ್ರ ಗೆಣಸು. ಹಿಂದೆ ಇಲ್ಲಿನ ಗೆಣಸು ದೋಣಿ ಹತ್ತಿ ಶಿಂಗಾಶಿ ಹೊಳೇಲಿ ಎದೊಗೆ ಹೋಗ್ತಿತ್ತು, ಈಗ ಜನಾನೇ ಗೆಣಸು ಹುಡುಕ್ಕೊಂಡು ಬರ್ತಾರೆ. ಗೆಣಸಿನ ಚಿಪ್ಸು, ಐಸ್‌ಕ್ರೀಮು, ಬಿಯರ್ ಕೂಡ! ಎಲ್ಲಾದ್ರಲ್ಲೂ ಮೀನಿನ ಸಾರು ಬೆರೆಸೋ ದೇಶದಲ್ಲಿ ವೆಜಿಟೇರಿಯನ್ ಜೀವಕ್ಕೆ ಇದು ದೊಡ್ಡ ಸಮಾಧಾನ. ಉದ್ದುದ್ದ ಸೀಳಿ ಕರಿದು ಕಪ್ಪಲ್ಲಿ ನಿಲ್ಲಿಸಿ ಕೊಟ್ಟ ಚಿಪ್ಸು ತಿಂತಾ, "ಶಿವರಾತ್ರಿಗೆ ಇಲ್ಲೇ ಇದ್ಬಿಡ್ತೀನಿ ಬಿಡು" ಅಂದ್ಲು.

ಆಮೇಲೆ ಮಿಠಾಯಿ ಗಲ್ಲೀಲಿ ಗೋಧಿ ಅಂಟಿಗೆ ಕಪ್ಪು ಸಕ್ಕರೆ ಬಳಿದ, ಮೀಟರ್ ಹತ್ರ ಉದ್ದದ ಒಂದು ಕೋಲು ಕೊಂಡ್ಲು. ಬ್ಯಾಗಲ್ಲಿ ಹಿಡಿಸಲ್ಲ, ಮಡಚಿದ್ರೆ ಮುರಿಯತ್ತೆ. ವಾಪಸ್ ಟ್ರೈನ್ ಫುಲ್ ರಶ್. ಅಮ್ಮನಿಗೆ ಸೀಟ್ ಸಿಕ್ತು, ಕೋಲು ಹಿಡ್ಕೊಂಡು ನಿಂತೋನು ನಾನು.