ಎಂಟು ಆಂಟೆನಾ, ಒಂದು ಟವೆಲ್

ನಮ್ಮ ಮನೆಯ ಇಂಟರ್ನೆಟ್ಟಿಗೆ ತಪ್ಪದೆ ರೀಚಾರ್ಜ್ ಮಾಡುವವನು ನಾನು. ರೂಟರ್ ಕೊಂಡದ್ದು ನನ್ನ ದುಡ್ಡಿನಲ್ಲಿ. ಅದರ ಹೊಟ್ಟೆಯೊಳಗಿರುವ ಸಿಮ್ ನನ್ನ ಆಧಾರ್ ಕಾರ್ಡಿನ ಮೇಲೆ ತೆಗೆದದ್ದು. ಇಷ್ಟೆಲ್ಲ ಇದ್ದೂ ಆ ರೂಟರಿನ ಸೆಟ್ಟಿಂಗ್ಸ್ ಪುಟದಲ್ಲಿ ನನ್ನ ಮೊಬೈಲಿನ ಮುಂದೆ 'ಆದ್ಯತೆ: ಕಡಿಮೆ' ಎಂದಿರುವುದು ನಿನ್ನೆ ಸಂಜೆ ಕಣ್ಣಿಗೆ ಬಿತ್ತು. ಮಗನ ಮೊಬೈಲಿಗೆ 'ಅತಿ ಹೆಚ್ಚು'. ಹೆಂಡತಿಯ ಟಿ.ವಿ.ಗೆ 'ಮಧ್ಯಮ'. ಭಜನೆ ಕೇಳುತ್ತ ಕೇಳುತ್ತ ನಿದ್ದೆ ಹೋಗುವ ಅಮ್ಮನ ಮೊಬೈಲಿಗೂ 'ಮಧ್ಯಮ'. ಪಟ್ಟಿಯಲ್ಲಿ ನನ್ನ ಕೆಳಗೆ ಯಾರೂ ಇಲ್ಲ.

ಮಗನನ್ನು ಕರೆದು ಕೇಳಿದೆ. ಅವನಿಗೆ ಅಳುಕೇ ಇಲ್ಲ. "ಅಪ್ಪಾ, ನೀನು ವಿಡಿಯೊ ಕಳುಹಿಸುತ್ತೀಯಲ್ಲ" ಎಂದ. ಕಳೆದ ವಾರ ದಾಯಾದಿಯೊಬ್ಬರ ಮಗನ ಉಪನಯನದ ವಿಡಿಯೊವನ್ನು ಕುಟುಂಬದ ಗುಂಪಿಗೆ ಹಾಕಿದ್ದೆ. ಆ ಹೊತ್ತಿನಲ್ಲಿ ಇವನು ಆಟದಲ್ಲಿ ಕೊನೆಯ ಸುತ್ತಿನಲ್ಲಿದ್ದನಂತೆ, ಎದುರಿಗೆ ಒಬ್ಬನೇ ಶತ್ರು ಉಳಿದಿದ್ದನಂತೆ. 52 ಇದ್ದ ಪಿಂಗ್ 900ಕ್ಕೆ ಹಾರಿತು. ಇವನು ಗುಂಡು ಹೊಡೆದದ್ದು ಸರ್ವರಿಗೆ, ಅಂದರೆ ಆಟ ನಡೆಸುವ ದೂರದ ಕಂಪ್ಯೂಟರಿಗೆ, ತಲುಪುವ ಹೊತ್ತಿಗೆ ಇವನೇ ಸತ್ತಿದ್ದ. ವಟುವಿಗೆ ಮಾತೃಭೋಜನ ಮಾಡಿಸುವ ದೃಶ್ಯದಿಂದ ನಾನು ಸ್ವಂತ ಮಗನನ್ನು ಕೊಂದೆ ಎನ್ನುವುದು ಆರೋಪ.

ಪಿಂಗ್ ಎಂದರೇನೆಂದು ಈಗ ಹದಿಹರೆಯದ ಮಕ್ಕಳಿರುವ ಮನೆಗಳಲ್ಲಿ ಯಾರಿಗೂ ಹೇಳಬೇಕಾಗಿಲ್ಲ. ನಮ್ಮ ಮೊಬೈಲಿನಿಂದ ಹೊರಟ ಮಾತು ಆಟದ ಸರ್ವರನ್ನು ಮುಟ್ಟಿ ಹಿಂದಿರುಗಲು ಹಿಡಿಯುವ ಸಮಯ, ಮಿಲಿಸೆಕೆಂಡುಗಳಲ್ಲಿ. ಅದು ಪರದೆಯ ಮೂಲೆಯಲ್ಲಿ ಹಸಿರಾಗಿರುವವರೆಗೆ ಮನೆಯಲ್ಲಿ ಶಾಂತಿ. ಕೆಂಪಾದ ಕ್ಷಣ "ಯಾರದು ನೆಟ್ ಬಳಸುತ್ತಿರುವುದು?" ಎಂಬ ಕೂಗು ಹಿತ್ತಿಲಿನಿಂದ ಏಳುತ್ತದೆ. ಅಡಿಗೆಮನೆಯಲ್ಲಿ ಹೆಂಡತಿ ಒಗ್ಗರಣೆಯ ಸೌಟು ಹಿಡಿದೇ "ನಾನಲ್ಲ" ಎನ್ನುತ್ತಾಳೆ. ಅಮ್ಮ ನಿದ್ದೆಯಲ್ಲೇ "ನಾನಲ್ಲಪ್ಪ" ಎನ್ನುತ್ತಾರೆ. ಉಳಿಯುವವನು ಯಾರು, ಹೇಳಿ.

ಶಿವಮೊಗ್ಗ ಜಿಲ್ಲೆಯ ಸಾಗರ ಪೇಟೆಯಿಂದ ಒಳಗಿನ ನಮ್ಮ ಊರಿಗೆ ಫೈಬರ್ ಬಂದಿದೆ. ಬಂದಿದೆ ಎಂದರೆ, ಕರೆಂಟು ಕಂಬಗಳ ಮೇಲೆ ನೇತಾಡಿಕೊಂಡು ಬಂದಿದೆ. ಜೂನ್ ತಿಂಗಳ ಮೊದಲ ಗಾಳಿಗೆ ಯಾವುದಾದರೂ ಅಕೇಶಿಯಾ ಮರ ಅದರ ಮೇಲೆ ಮಲಗಿದರೆ ಗಣೇಶ ಚೌತಿಯವರೆಗೆ ಕೇಳಬೇಡಿ. ಫೋನ್ ಮಾಡಿದರೆ ದುರಸ್ತಿಯವನು "ಮಳೆ ಹೊಳವಾಗಲಿ" ಎನ್ನುತ್ತಾನೆ. ಮಲೆನಾಡಿನಲ್ಲಿ ಈ ಮಾತನ್ನು ಹೇಳಲು ಒಂದು ಧೈರ್ಯ ಬೇಕು. ಹಾಗಾಗಿ ಮೊಬೈಲ್ ಸಿಗ್ನಲ್ಲೇ ಗತಿ. ಮೊದಲು ನನ್ನ ಮೊಬೈಲಿನ ಹಾಟ್‌ಸ್ಪಾಟಿನಲ್ಲಿ ಇಡೀ ಮನೆ ನಡೆಯುತ್ತಿತ್ತು. ನಾನು ತೋಟಕ್ಕೆ ಹೋದರೆ ಇಂಟರ್ನೆಟ್ಟೂ ನನ್ನ ಜೊತೆ ತೋಟಕ್ಕೆ ಬರುತ್ತಿತ್ತು. ಆಗಾದರೂ ಮನೆಯಲ್ಲಿ ನನ್ನ ಆದ್ಯತೆ ಮೇಲಿತ್ತು.

ಆಟವನ್ನೇ ನಿಲ್ಲಿಸಬಹುದಿತ್ತಲ್ಲ ಎಂದು ಕೇಳುವವರಿಗೆ ಒಂದು ಮಾತು. 2020ರ ಸೆಪ್ಟೆಂಬರಿನಲ್ಲಿ ಸರಕಾರ ಮಗನ ಆ ಬಂದೂಕಿನ ಆಟ ಪಬ್‌ಜಿಯನ್ನು ನಿಷೇಧಿಸಿದಾಗ ಸಿಹಿ ಹಂಚಿದ ಅಪ್ಪಂದಿರಲ್ಲಿ ನಾನೂ ಒಬ್ಬ. 2021ರ ಜುಲೈಯಲ್ಲಿ ಅದು ಬೇರೆ ಹೆಸರು ಇಟ್ಟುಕೊಂಡು ಬಂತು. 2022ರ ಜುಲೈಯಲ್ಲಿ ಅದನ್ನೂ ತೆಗೆದರು. ಮರುವರ್ಷ ಮೇ ತಿಂಗಳಲ್ಲಿ ಮತ್ತೆ ಬಂತು. ಭಾರತ ಸರಕಾರಕ್ಕೇ ಮಣಿಯದ್ದು ನನಗೆ ಮಣಿದೀತೇ? ರೂಟರ್ ಕೊಳ್ಳುವುದು ಎಂದು ತೀರ್ಮಾನವಾಯಿತು.

ಇಲ್ಲಿ ಭಾವನವರ ಪ್ರವೇಶ. ನನ್ನ ಹೆಂಡತಿಯ ಅಣ್ಣ ಬೆಂಗಳೂರಿನಲ್ಲಿದ್ದಾರೆ. ಯಾವ ವಸ್ತುವಿನ ಬಗ್ಗೆಯಾದರೂ ಅವರಿಗೆ ಒಂದು ಅಳತೆಗೋಲು ಇರುತ್ತದೆ. ಮಿಕ್ಸಿಯಾದರೆ ಎಷ್ಟು ವ್ಯಾಟ್, ಕ್ಯಾಮೆರಾ ಆದರೆ ಎಷ್ಟು ಮೆಗಾಪಿಕ್ಸೆಲ್, ರೂಟರ್ ಆದರೆ ಎಷ್ಟು ಆಂಟೆನಾ. "ಎಂಟಕ್ಕಿಂತ ಕಡಿಮೆ ಇರುವುದನ್ನು ಮುಟ್ಟಲೇಬೇಡಿ" ಎಂದು ಫೋನಿನಲ್ಲಿ ಅಪ್ಪಣೆಯಾಯಿತು. ಜೊತೆಗೆ ಒಂದು ಫೋಟೊ ಬಂತು. ಬೆನ್ನ ಮೇಲೆ ಬಿದ್ದು ಕಾಲು ಮೇಲೆತ್ತಿದ ಜೇಡ ಅಲ್ಲ, ಗೇಮಿಂಗ್ ರೂಟರ್. ಸುತ್ತ ಕೆಂಪು ನೀಲಿ ದೀಪ, ಬೆಲೆ ಒಂದು ಕ್ವಿಂಟಲ್ ಅಡಿಕೆಯ ಲೆಕ್ಕದಲ್ಲಿ ಯೋಚಿಸಬೇಕಾದಷ್ಟು.

ಪೇಟೆಯ ಅಂಗಡಿಯಲ್ಲಿ ಅದರದೇ ತಮ್ಮನಂಥದ್ದೊಂದು ಇತ್ತು. ತಿರುಗಿಸಿ ನೋಡಿದೆ. ಹಿಂದೆ ನಾಲ್ಕಾರು ವೈರಿನ ಕಿಂಡಿಗಳು.

"ಸಿಮ್ ಎಲ್ಲಿ ಹಾಕುವುದು?"

"ಇದಕ್ಕೆ ಸಿಮ್ ಇಲ್ಲ ಸಾರ್. ಇದು ಗೇಮಿಂಗಿಗೆ."

"ನಮ್ಮಲ್ಲಿ ಸಿಮ್ ಇಂಟರ್ನೆಟ್ ಮಾತ್ರ ಇರುವುದು."

"ಹಾಗಾದರೆ ಇನ್ನೊಂದು ಸಿಮ್ ರೂಟರ್ ತೆಗೆದುಕೊಂಡು ಅದನ್ನು ಇದಕ್ಕೆ ಜೋಡಿಸಿ ಸಾರ್."

ರೂಟರಿಗೊಂದು ರೂಟರ್. ಪೆಟ್ಟಿಗೆಯ ಮೇಲಿನ ಸಂಖ್ಯೆಗಳದ್ದು ಇನ್ನೊಂದು ಕಥೆ. 'ಎಸಿ 1200' ಎಂದು ದಪ್ಪಕ್ಷರದಲ್ಲಿ ಬರೆದಿರುತ್ತಾರೆ. ವೈಫೈಯ ಎರಡು ಪಟ್ಟಿಗಳ ವೇಗ, 2.4 ಗಿಗಾಹರ್ಟ್ಸಿನ 300 ಮತ್ತು 5 ಗಿಗಾಹರ್ಟ್ಸಿನ 867 ಎಂಬಿಪಿಎಸ್ (ಸೆಕೆಂಡಿಗೆ ಇಷ್ಟು ಮೆಗಾಬಿಟ್), ಇವನ್ನು ಕೂಡಿಸಿ, ಮೇಲೆ ಸ್ವಲ್ಪ ಉಪ್ಪು ಖಾರ ಹಾಕಿ 1200 ಮಾಡಿದ್ದಾರೆ. ಸಾಮಾನ್ಯವಾಗಿ ಒಂದು ಮೊಬೈಲಿಗೆ ಆ ಎರಡೂ ಕೂಡಿ ಸಿಗುವುದಿಲ್ಲ. ಇದೂ ರೂಟರಿನಿಂದ ಮೊಬೈಲಿಗೆ, ಮನೆಯ ಒಳಗಿನ ವೇಗ. ಹೊರಗಿನಿಂದ ಬರುವುದಕ್ಕೆ ಮಿತಿ ಹಾಕುವುದು ಸಿಮ್ ಭಾಗ. ಅಗ್ಗದ 4ಜಿ ರೂಟರುಗಳಲ್ಲಿ ಅದು 'ಕ್ಯಾಟ್ 4' ಎಂಬ ದರ್ಜೆಯದ್ದು, ಕಾಗದದ ಮೇಲೆ 150 ಎಂಬಿಪಿಎಸ್. ನಮ್ಮ ಗುಡ್ಡದ ತಪ್ಪಲಿನಲ್ಲಿ ಹತ್ತು ಹನ್ನೆರಡು ಸಿಕ್ಕಿದರೆ ಆ ದಿನ ಶುಭದಿನ. ಅರ್ಧ ಇಂಚು ಪೈಪಿನಲ್ಲಿ ಬರುವ ನೀರಿಗೆ ಎಂಟು ನಲ್ಲಿ ಜೋಡಿಸಿದರೆ ಆಗುವ ಲಾಭವೇ ಭಾವನವರ ಎಂಟು ಆಂಟೆನಾದಿಂದ ಆಗುವುದು. ಇದನ್ನು ಅವರಿಗೆ ಹೇಳಿದೆ. "ಅದೇನೋ ಇರಬಹುದು, ಆದರೂ ಎಂಟು ಇದ್ದರೆ ಒಳ್ಳೆಯದು" ಎಂದರು.

ಆಟಕ್ಕೆ ಬೇಕಾದದ್ದು ವೇಗವೇ ಅಲ್ಲ, ಅದು ಇನ್ನೂ ತಮಾಷೆ. ಆಟ ಎಳೆದುಕೊಳ್ಳುವ ಡೇಟಾ ಅತ್ಯಲ್ಪ. ಅದಕ್ಕೆ ಬೇಕಾದದ್ದು ತಡವಿಲ್ಲದ, ಏರುಪೇರಿಲ್ಲದ ಹೋಗಿಬರುವಿಕೆ. ಸರ್ವರ್ ಮುಂಬೈಯಲ್ಲಿದೆ ಎಂದು ಇಟ್ಟುಕೊಳ್ಳಿ, ಇಲ್ಲಿಂದ ನೇರ ಗೆರೆ ಎಳೆದರೆ ಸುಮಾರು 600 ಕಿಲೋಮೀಟರ್. ಗಾಜಿನೆಳೆಯಲ್ಲಿ ಬೆಳಕು ಸೆಕೆಂಡಿಗೆ ಸುಮಾರು 2 ಲಕ್ಷ ಕಿಲೋಮೀಟರ್ ಓಡುತ್ತದೆ. ಹೋಗಿ ಬರಲು 6 ಮಿಲಿಸೆಕೆಂಡ್ ಸಾಕು. ದಾರಿ ಸುತ್ತುಬಳಸಾದರೂ ಹತ್ತಿಪ್ಪತ್ತು ಎನ್ನಿ. ಉಳಿದ ಸಮಯದ ಬಹುಪಾಲು ಹಾಳಾಗುವುದು ನಮ್ಮ ಮನೆಗೂ ಎದುರು ಗುಡ್ಡದ ಟವರಿಗೂ ನಡುವೆ, ಊರಿನ ಎಲ್ಲರ ಮೊಬೈಲುಗಳು ಸರದಿಯಲ್ಲಿ ನಿಲ್ಲುವ ಜಾಗದಲ್ಲಿ.

ಕೊನೆಗೆ ತಂದದ್ದು ಸಿಮ್ ಹಾಕುವ, ತಿರುಗಿಸಿ ಬಿಚ್ಚಬಹುದಾದ ಎರಡು ಆಂಟೆನಾಗಳ ಸಾಧಾರಣ 4ಜಿ ರೂಟರ್. ಬಿಚ್ಚಲು ಬರಬೇಕು ಎನ್ನುವುದು ಮಗನ ಷರತ್ತು, ಮುಂದೆ ಹೊರಗಿನ ಆಂಟೆನಾ ಜೋಡಿಸಬಹುದು ಎಂದು. ಫೋಟೊ ನೋಡಿ ಭಾವ ಒಂದೇ ಪದ ಬರೆದರು: "ಎರಡೇ?"

ಇನ್ನು ಅದನ್ನು ಇಡುವ ಜಾಗ. ಸಿಗ್ನಲ್ ಅಳೆಯುವ ಆ್ಯಪ್ ಹಿಡಿದು ಮಗ ಮನೆಯೆಲ್ಲ ಸುತ್ತಿದ. ಜಗಲಿಯಲ್ಲಿ ಮೈನಸ್ 112, ನಡುಮನೆಯಲ್ಲಿ ಮೈನಸ್ 116, ಅಟ್ಟದಲ್ಲಿ ಮೈನಸ್ 108. ಸೊನ್ನೆಗೆ ಹತ್ತಿರವಾದಷ್ಟೂ ಒಳ್ಳೆಯದು, 20 ಅಂಕೆ ಸುಧಾರಿಸಿದರೆ ಸಿಗ್ನಲ್ ನೂರು ಪಟ್ಟು ಹೆಚ್ಚಿದ ಲೆಕ್ಕ. ಮೈನಸ್ 92 ಸಿಕ್ಕಿದ್ದು ಒಂದೇ ಕಡೆ, ಹಿತ್ತಿಲ ಬಚ್ಚಲುಮನೆಯ ಕಿಟಕಿಯಲ್ಲಿ. ಗುಡ್ಡದ ಸಂದಿನಿಂದ ಟವರ್ ಕಾಣುವುದು ಅಲ್ಲಿಂದ ಮಾತ್ರ.

ಹೀಗೆ ನಮ್ಮ ಮನೆಯ ಇಂಟರ್ನೆಟ್ ಹಂಡೆಯ ಪಕ್ಕಕ್ಕೆ ಸ್ಥಳಾಂತರವಾಯಿತು. ಒಲೆಯ ಹೊಗೆ, ನೀರಿನ ಹಬೆ. ಪಾಪ ಎಂದು ಅಮ್ಮ ಅವಲಕ್ಕಿಯ ಸ್ಟೀಲ್ ಡಬ್ಬಿ ಖಾಲಿ ಮಾಡಿ ಅದರೊಳಗೆ ರೂಟರ್ ಇಟ್ಟು ಮುಚ್ಚಳ ಹಾಕಿದರು. ಲೋಹದ ಡಬ್ಬಿಯಿಂದ ಸಿಗ್ನಲ್ ಹೊರಗೂ ಬಾರದು, ಒಳಗೂ ಹೋಗದು. ಮಗ ಕಿರುಚಿದ ಮೇಲೆ ಐಸ್‌ಕ್ರೀಮಿನ ಪ್ಲಾಸ್ಟಿಕ್ ಡಬ್ಬಿಗೆ ಬಡ್ತಿ ಸಿಕ್ಕಿತು, ಎರಡು ಆಂಟೆನಾ ಹೊರಗೆ ಚಾಚಿಕೊಂಡು. ಮಣ್ಣಿನ ದಪ್ಪ ಗೋಡೆ ದಾಟಿ ಮಗನ ಕೋಣೆಗೆ 5 ಗಿಗಾಹರ್ಟ್ಸ್ ಬರುವುದಿಲ್ಲ. 2.4 ಬರುತ್ತದೆ, ತೆವಳಿಕೊಂಡು. ಹಾಗಾಗಿ ಅವನು ಬಚ್ಚಲಿನ ಪಕ್ಕದ ಕಟ್ಟಿಗೆ ರಾಶಿಯ ಮೇಲೆ ಕುಳಿತು ಯುದ್ಧ ಮಾಡತೊಡಗಿದ.

ಅಂಥ ಒಂದು ಭಾನುವಾರ ಭಾವ ಬಂದಿದ್ದರು. ಬೆಂಗಳೂರಿನವರಿಗೆ ಹಂಡೆಯ ನೀರು ಸಿಕ್ಕಿದರೆ ಸ್ನಾನ ಮುಗಿಯುವುದಿಲ್ಲ. ಸಂಜೆ ಒಳಗೆ ಹೋದರು, ಚಿಲಕ ಹಾಕಿದರು, ತಂಬಿಗೆಯಿಂದ ನೀರು ಹೊಯ್ದುಕೊಳ್ಳುವ ಸದ್ದು ಶುರುವಾಯಿತು. ಹೊರಗೆ ಕಟ್ಟಿಗೆ ರಾಶಿಯ ಮೇಲೆ ಟೂರ್ನಮೆಂಟ್. ಇದ್ದಕ್ಕಿದ್ದಂತೆ ಕೂಗು: "ಯಾರದು ನೆಟ್ ಬಳಸುತ್ತಿರುವುದು?" ನಾನು ಎರಡೂ ಖಾಲಿ ಕೈಗಳನ್ನು ಮೇಲೆತ್ತಿ ತೋರಿಸಿದೆ. ಮಗ ಕಿಟಕಿಯತ್ತ ನೋಡಿದ. ಗೂಟ ಹುಡುಕಿ ಸಿಗದ ಭಾವ ಅಚ್ಚುಕಟ್ಟಾಗಿ ನಿಂತಿದ್ದ ಎರಡು ಕಪ್ಪು ಕಡ್ಡಿಗಳ ಮೇಲೆ ಒದ್ದೆ ಟವೆಲ್ ಹರವಿದ್ದರು. ನೀರಿಗೆ ರೇಡಿಯೊ ಅಲೆಗಳನ್ನು ಹೀರಿಕೊಳ್ಳುವ ಗುಣವಿದೆ.

ಮಗ ಬಾಗಿಲು ಬಡಿದ. "ಮಾವಾ, ಟವೆಲ್ ತೆಗೆಯಿರಿ!"

ನೀರಿನ ಸದ್ದು ನಿಂತಿತು. "ಏನಂದೆ?"

"ಟವೆಲ್ ತೆಗೆಯಿರಿ ಮಾವಾ, ಬೇಗ! ಎಲ್ಲರೂ ಕಾಯುತ್ತಿದ್ದಾರೆ!"

"ಎಲ್ಲರೂ ಎಂದರೆ ಯಾರು?"

"ಹುಬ್ಬಳ್ಳಿಯವನೊಬ್ಬ, ಮಂಗಳೂರಿನವನೊಬ್ಬ, ಪುಣೆಯಿಂದ ನಿಮ್ಮ ಮಗ!"

ಒಳಗೆ ಮೌನ. ಆಮೇಲೆ ಎರಡನೆಯ ಚಿಲಕವನ್ನೂ ಹಾಕಿದ ಸದ್ದು. ಗಲಾಟೆ ಕೇಳಿ ಎದ್ದು ಬಂದ ಅಮ್ಮನಿಗೆ ಅರ್ಥವಾದದ್ದು ಟವೆಲ್ ಎಂಬ ಒಂದು ಮಾತು. ನೆಂಟರಿಗೆ ಟವೆಲ್ ಕೊಟ್ಟಿಲ್ಲವೇ ಎಂದು ನನ್ನ ಹೆಂಡತಿಯನ್ನು ಗದರಿ, ತಂತಿಯ ಮೇಲಿದ್ದ ಇನ್ನೊಂದನ್ನು ತಂದು ಹೊರಗಿನಿಂದ ಕೈ ಚಾಚಿ ಅದೇ ಕಡ್ಡಿಗಳ ಮೇಲೆ ಹಾಕಿದರು. ಅದೂ ಪೂರ್ತಿ ಒಣಗಿರಲಿಲ್ಲ. ಮಗನ ಗಂಟಲಿನಿಂದ ಹೊರಟದ್ದು ಯಾವ ಭಾಷೆಯದ್ದೂ ಅಲ್ಲ. ಅಷ್ಟರಲ್ಲಿ ಅವನ ಮೊಬೈಲಿನ ಸ್ಪೀಕರಿನಲ್ಲಿ ತಡವರಿಸುತ್ತ, ತುಂಡು ತುಂಡಾಗಿ ಪುಣೆಯ ದನಿ ಬಂತು: "ಅಪ್ಪಾ... ಅವನು ಹೇಳಿದ ಹಾಗೆ... ಮಾಡು..."

ಸೋತರು ಎಂದು ಬೇರೆ ಹೇಳಬೇಕಾಗಿಲ್ಲ. ಭಾವ ಅರ್ಧ ಗಂಟೆಯ ಮೇಲೆ ಹೊರಬಂದರು, ಎರಡು ಟವೆಲ್ ಸುತ್ತಿಕೊಂಡು. ಕಾರಣ ವಿವರಿಸಿದೆವು. ಗಂಭೀರವಾಗಿ ಕೇಳಿಸಿಕೊಂಡು ಹೇಳಿದರು: "ಎಂಟು ಇದ್ದಿದ್ದರೆ ಎರಡರ ಮೇಲೆ ಟವೆಲ್ ಹಾಕಿದರೂ ಆರು ಉಳಿಯುತ್ತಿದ್ದವು."

ಆಮೇಲೆ ಹೊರಗೋಡೆಗೆ ಹಲಗೆಯಂಥ ಆಂಟೆನಾ ಬಂತು, ರೂಟರ್ ಅಡಿಗೆಮನೆಯ ಹಿಂದಕ್ಕೆ ಬಂತು, ಕರೆಂಟು ಹೋದಾಗ ನಡೆಸಲು 12 ವೋಲ್ಟಿನ ಬ್ಯಾಟರಿಯೂ ಬಂತು. ಮಳೆಗಾಲದಲ್ಲಿ ಟವರಿನ ಬ್ಯಾಟರಿಯೇ ಮುಗಿದರೆ ಮಾತ್ರ ಉಪಾಯವಿಲ್ಲ. ಎಲ್ಲಕ್ಕಿಂತ ಹೆಚ್ಚು ಉಪಯೋಗಕ್ಕೆ ಬಂದದ್ದು ಕಾಸು ಖರ್ಚಿಲ್ಲದ ಆ ಆದ್ಯತೆಯ ಪಟ್ಟಿ. ಮೇಲಕ್ಕೆ ಕಳುಹಿಸುವ ದಾರಿ ಕಿರಿದು. ದೊಡ್ಡ ವಿಡಿಯೊ ಒಂದು ಹೊರಟರೆ ಆಟದ ಸಣ್ಣ ಪೊಟ್ಟಣಗಳು ಅದರ ಹಿಂದೆ ಸಾಲುಗಟ್ಟಿ ನಿಲ್ಲುತ್ತವೆ. ಈ ತಂತ್ರಜ್ಞಾನ ಸರಿಯಾಗಿದೆ ಎಂದು ನಾನೂ ಒಪ್ಪುತ್ತೇನೆ. ಅದನ್ನು ನನ್ನ ಮೇಲೇ ಪ್ರಯೋಗಿಸಬೇಕಾಗಿತ್ತೇ ಎನ್ನುವುದು ತಕರಾರು. ಟಿ.ವಿ. ಧಾರಾವಾಹಿಯ ಅತ್ತೆಗೂ ನನಗಿಂತ ಮೇಲಿನ ಸ್ಥಾನ!

ರೂಟರ್ ಆಫ್ ಮಾಡಿ ಮಲಗಲು ಎಷ್ಟೋ ರಾತ್ರಿ ಕೈ ಹೋದದ್ದುಂಟು. ಹೋಗಿ ನಿಂತರೆ ಕೋಣೆಯೊಳಗಿನಿಂದ ಇಬ್ಬರ ಮಾತು ಕೇಳುತ್ತದೆ. ಗುಂಡು, ಬಂದೂಕು ಮುಗಿದು ಎಷ್ಟೋ ಹೊತ್ತಾಗಿರುತ್ತದೆ. ಪುಣೆಯ ಮೆಸ್ಸಿನ ಊಟ, ಇಲ್ಲಿ ಹುಟ್ಟಿದ ಕರು, ಈ ಸಲ ಹಬ್ಬಕ್ಕೆ ರಜೆ ಸಿಗುತ್ತದೋ ಇಲ್ಲವೋ. ಒಂದು ಕಾಲದಲ್ಲಿ ಬೇಸಿಗೆ ಪೂರ್ತಿ ಇದೇ ಮನೆಯ ಅಟ್ಟದಲ್ಲಿ ಒಂದೇ ಚಾಪೆಯ ಮೇಲೆ ಬೀಳುತ್ತಿದ್ದ ಹುಡುಗರು. ಈಗ ಆಟದ ನೆಪವಿಲ್ಲದಿದ್ದರೆ ಒಬ್ಬರಿಗೊಬ್ಬರು ಫೋನ್ ಮಾಡುವವರಲ್ಲ. ಸ್ವಿಚ್ಚಿನಿಂದ ಕೈ ತೆಗೆಯುತ್ತೇನೆ. ಬೆಳಿಗ್ಗೆ ರೀಚಾರ್ಜ್ ಮಾಡುವಾಗ ಮತ್ತೆ ಸಿಟ್ಟು ಬರುತ್ತದೆ.

ಇವತ್ತು ಭಾವನವರ ಫೋನ್ ಬಂದಿತ್ತು. 5ಜಿ ರೂಟರ್ ನೋಡಿದ್ದಾರಂತೆ, ಪೆಟ್ಟಿಗೆಯ ಮೇಲೆ 'ಎಎಕ್ಸ್ 3000' ಎಂದಿದೆಯಂತೆ, ಬರುವಾಗ ತರುತ್ತಾರಂತೆ. ನಮ್ಮ ಗುಡ್ಡದ ಟವರಿನಲ್ಲಿ ಇನ್ನೂ 4ಜಿಯೇ ಇರುವುದು ಎಂದೆ. "ಇವತ್ತಲ್ಲ ನಾಳೆ ಬರುತ್ತದೆ" ಎಂದರು. ಎಷ್ಟು ಆಂಟೆನಾ ಎಂದು ಕೇಳಿದೆ. ಅತ್ತ ಕಡೆ ಸ್ವಲ್ಪ ಹೊತ್ತು ಉತ್ತರವಿಲ್ಲ.

"ಒಳಗೇ ಇವೆಯಂತೆ. ಹೊರಗೆ ಕಾಣುವುದಿಲ್ಲ."

"ಕಾಣದಿದ್ದರೆ ಎಣಿಸುವುದು ಹೇಗೆ ಭಾವ?"

"ಅಂಗಡಿಯವನನ್ನು ವಿಚಾರಿಸಿ ಹೇಳುತ್ತೇನೆ" ಎಂದು ಫೋನ್ ಇಟ್ಟರು.