ಗುಳ್ಳೆ ಮೇಲೇರುತ್ತದೆ, ಕಣ ಕೆಳಗಿಳಿಯುತ್ತದೆ

ನಮ್ಮ ವಿಭಾಗಕ್ಕೆ ಕೊಪ್ಪಳ ಕಡೆಯ ಒಬ್ಬ ಹುಡುಗಿ ಹೊಸದಾಗಿ ಸೇರಿದ್ದಾಳೆ. ಮೂರನೇ ದಿನ ಊಟದ ಹೊತ್ತಿಗೆ ಕೇಳಿದಳು, “ಅಕ್ಕಾ, ದಿನಾ ಇದನ್ನ ನೋಡಿ ನೋಡಿ ನಿಮಗ ಬ್ಯಾಸರ ಆಗೂದಿಲ್ಲೇನ್ರಿ?” ಬಾಯಲ್ಲಿ ತುತ್ತಿತ್ತು, ಸುಮ್ನೆ ನಕ್ಕೆ. ಆದರೆ ಆ ಪ್ರಶ್ನೆ ಬಸ್ಸು ಹತ್ತಿ ನನ್ನ ಜೊತೆ ಮನೆವರೆಗೂ ಬಂತು. ಅವಳಿಗೆ ಹೇಳಬೇಕಿದ್ದನ್ನು ಇಲ್ಲಿ ಬರೆಯುತ್ತಿದ್ದೇನೆ. ಇದೇ ಪ್ರಶ್ನೆ ಇಟ್ಟುಕೊಂಡು ದಿನಾ ಕೆಲಸಕ್ಕೆ ಹೋಗುವವರು ಇಲ್ಲಿ ಬಹಳ ಜನ ಇದ್ದಾರೆ ಅಂತ ಗೊತ್ತು.

ನಾನು ಗದಗ ಜಿಲ್ಲೆಯವಳು. ಗೋವಾದ ವಾಸ್ಕೋಗೆ ಬಂದು 11 ವರ್ಷ ಆಯಿತು. ವೆರ್ಣಾ ಇಂಡಸ್ಟ್ರಿಯಲ್ ಎಸ್ಟೇಟಿನಲ್ಲಿ ಇಂಜೆಕ್ಷನ್ ಔಷಧಿ ಮಾಡುವ ಕಾರ್ಖಾನೆಯಲ್ಲಿ ಕೆಲಸ. ಬೆಳಗಿನ ಪಾಳಿ ಇದ್ದರೆ ಕತ್ತಲಲ್ಲೇ ಕಂಪನಿ ಬಸ್ಸು ಬರುತ್ತದೆ. ಜುವಾರಿನಗರ ದಾಟುವ ಹೊತ್ತಿಗೆ ಅರ್ಧ ಬಸ್ಸು ಕನ್ನಡ ಆಗಿರುತ್ತದೆ. ಬಾಗಲಕೋಟೆ, ವಿಜಯಪುರ, ಹಾವೇರಿ, ನಮ್ಮ ಗದಗ. ಅರ್ಧ ಜನ ನಿದ್ದೆಯಲ್ಲಿ, ಉಳಿದವರು ಊರಿನ ಮಳೆ ಸುದ್ದಿಯಲ್ಲಿ.

ನನ್ನ ಕೆಲಸ ನೋಡುವುದು. ಅಷ್ಟೇ. ಔಷಧಿ ತುಂಬಿದ, ಕುತ್ತಿಗೆ ಮುರಿದು ತೆರೆಯುವ ಸಣ್ಣ ಗಾಜಿನ ಸೀಸೆಗಳನ್ನು, ಅಂದರೆ ಆಂಪೂಲ್‌ಗಳನ್ನು ಎತ್ತಿ ಹಿಡಿದು ಒಳಗೆ ಏನಾದರೂ ಇದೆಯಾ ಅಂತ ನೋಡುವುದು. ನಮ್ಮ ಬೂತಿನಲ್ಲಿ ಒಂದು ಕಡೆ ಕಪ್ಪು ಹಲಗೆ, ಇನ್ನೊಂದು ಕಡೆ ಬಿಳಿ ಹಲಗೆ. ಮೇಲೆ ದೀಪ. ಬೆಳಕು 2,000ದಿಂದ 3,750 ಲಕ್ಸ್ ಒಳಗೆ ಇರಬೇಕು. ಓದು ಬರಹದ ಮೇಜಿಗೆ 500 ಲಕ್ಸ್ ಸಾಕು ಅನ್ನುತ್ತಾರೆ, ಅಂದಮೇಲೆ ಇದು ಎಷ್ಟು ಪ್ರಖರ ಅಂತ ಯೋಚಿಸಿ. ಬಿಳಿ ಹಲಗೆ ಮುಂದೆ 5 ಸೆಕೆಂಡು, ಕಪ್ಪು ಹಲಗೆ ಮುಂದೆ 5 ಸೆಕೆಂಡು. ಬಿಳಿ ನೂಲು, ಗಾಜಿನ ಚೂರು ಕಪ್ಪಿನ ಮುಂದೆ ಕಾಣುತ್ತದೆ. ಕರಿ ಚುಕ್ಕೆ ಬಿಳಿಯ ಮುಂದೆ ಕಾಣುತ್ತದೆ. ನೋಡುವ ಮೊದಲು ಮೆಲ್ಲಗೆ ತಿರುಗಿಸಬೇಕು, ಯಾಕೆಂದರೆ ಸುಮ್ಮನೆ ಕೂತ ಕಣ ಕಣ್ಣಿಗೆ ಬೀಳುವುದಿಲ್ಲ, ಅಲ್ಲಾಡಿದ್ದು ಬೀಳುತ್ತದೆ. ಜೋರಾಗಿ ಅಲ್ಲಾಡಿಸಿದರೆ ಗುಳ್ಳೆ ಏಳುತ್ತವೆ, ಆಗ ಯಾವುದು ಗುಳ್ಳೆ, ಯಾವುದು ಕಣ ಅಂತ ತಲೆ ಕೆಡುತ್ತದೆ. ನನಗೆ ಕಲಿಸಿದವರು ಮೊದಲ ದಿನ ಹೇಳಿಕೊಟ್ಟ ಗುರುತು ಇದು: ಗುಳ್ಳೆ ಮೇಲೇರುತ್ತದೆ, ಕಣ ಕೆಳಗಿಳಿಯುತ್ತದೆ.

ಮೊದಲ ಎರಡು ವರ್ಷ ಆಸೆಯಿಂದಲೇ ಮಾಡಿದೆ. ಆಮೇಲೆ ಬೇಜಾರು ಶುರುವಾಯಿತು. ಬೆಳಿಗ್ಗೆ ಏಳುವಾಗಲೇ ಮೈ ಭಾರ. ನೂರಾರು ಆಂಪೂಲ್ ನೋಡಿದರೂ ಏನೂ ಸಿಗದ ದಿನ ಇರುತ್ತದೆ. ಅವತ್ತು ನಾನು ಕೆಲಸ ಮಾಡಿದೆನಾ ಇಲ್ಲವಾ ಅಂತ ನನಗೇ ಗೊತ್ತಾಗುತ್ತಿರಲಿಲ್ಲ. ರೊಟ್ಟಿ ಮಾಡಿದರೆ ಬುಟ್ಟಿ ತುಂಬುತ್ತದೆ, ಸೀರೆ ನೇಯ್ದರೆ ಮಾರುದ್ದ ಕಾಣುತ್ತದೆ. ನೋಡಿದ್ದಕ್ಕೆ ಏನು ಗುರುತು ಉಳಿಯುತ್ತದೆ? ಮೊಬೈಲ್ ತೆಗೆದರೆ “ನಗುತ್ತಾ ದಿನ ಶುರು ಮಾಡಿ” ಅನ್ನುವ ವೀಡಿಯೋಗಳು. ಒಂದಷ್ಟು ದಿನ ಅದನ್ನೂ ಮಾಡಿದೆ. ಬಸ್ಸು ಇಳಿಯುವ ಹೊತ್ತಿಗೆ ನಗು ಖಾಲಿ ಆಗುತ್ತಿತ್ತು.

ಎರಡು ವರ್ಷದ ಹಿಂದೆ ಮಳೆಗಾಲದಲ್ಲಿ ಅವ್ವನಿಗೆ ನ್ಯುಮೋನಿಯಾ ಆಯಿತು. ಹುಬ್ಬಳ್ಳಿ ಆಸ್ಪತ್ರೆಗೆ ಸೇರಿಸಿದ್ದಾರೆ ಅಂತ ಅಣ್ಣ ಫೋನ್ ಮಾಡಿದ. ವಾಸ್ಕೋದಿಂದ ಸಿಕ್ಕ ರೈಲು ಹತ್ತಿದೆ. ಕುಳೆ, ಕ್ಯಾಸಲ್‌ರಾಕ್, ಲೋಂಡಾ, ಒಂದೊಂದು ಸ್ಟೇಷನ್ನೂ ಒಂದು ವರ್ಷದಷ್ಟು ಉದ್ದ ಅನಿಸಿತು.

ರಾತ್ರಿ ಅವ್ವನ ಮಂಚದ ಹತ್ತಿರ ಕೂತಿದ್ದೆ. ನರ್ಸಮ್ಮ ಟ್ರೇ ಹಿಡಿದು ಬಂದರು. ಒಂದು ಆಂಪೂಲ್ ತೆಗೆದುಕೊಂಡು ಕುತ್ತಿಗೆಗೆ ಬೆರಳಿಂದ ಎರಡು ಸಲ ತಟ್ಟಿದರು. ಆಮೇಲೆ ಅದನ್ನು ಟ್ಯೂಬ್‌ಲೈಟ್ ಕಡೆ ಎತ್ತಿ ಹಿಡಿದರು. ಎರಡೇ ಸೆಕೆಂಡು ಇರಬಹುದು. ನನ್ನ ಕೈ ತಾನಾಗಿ ತೊಡೆ ಮೇಲೆ ತಿರುಗಿತು, ಆಂಪೂಲ್ ತಿರುಗಿಸಿದ ಹಾಗೆ. ಅವರು ಆಂಪೂಲಿನ ಕುತ್ತಿಗೆ ಮುರಿದು, ಔಷಧಿ ಸಿರಿಂಜಿಗೆ ಎಳೆದು ಅವ್ವನಿಗೆ ಕೊಟ್ಟರು.

ಅವರು ಹೋದ ಮೇಲೆ ಖಾಲಿ ಆಂಪೂಲಿನ ಹೆಸರು ನೋಡಿದೆ. ನಮ್ಮ ಕಂಪನಿಯದ್ದಲ್ಲ. ಬೇರೆ ರಾಜ್ಯದ್ದು, ಆ ಊರಿನ ಹೆಸರನ್ನೂ ನಾನು ಕೇಳಿರಲಿಲ್ಲ. ಅಲ್ಲಿ ಯಾರೋ ಒಬ್ಬರು ನನ್ನ ಹಾಗೆ ಬೆಳಗಿನ ಜಾವ ಎದ್ದು, ಬಸ್ಸು ಹತ್ತಿ, ಕಪ್ಪು ಬಿಳಿ ಹಲಗೆ ಮುಂದೆ ಕೂತು ಈ ಒಂದು ಆಂಪೂಲನ್ನು ಎತ್ತಿ ಹಿಡಿದು ನೋಡಿದ್ದಾರೆ. ಅವತ್ತು ಅವರಿಗೂ ಬೇಜಾರಾಗಿದ್ದಿರಬಹುದು. ಆದರೂ ನೋಡಿದ್ದಾರೆ. ನನಗೆ ಅಳು ಬಂತು. ಅವ್ವನ ಕಾಯಿಲೆಗೆ ಅತ್ತದ್ದಲ್ಲ ಅದು. ಹೆಸರು ಗೊತ್ತಿಲ್ಲದ ಆ ಜೀವಕ್ಕೆ ಕೈ ಮುಗಿಯಬೇಕು ಅನಿಸಿತು.

ಅವ್ವ ಹುಷಾರಾದಳು. ನಾನು ವಾಪಸ್ ಬಂದೆ. ಬೇಜಾರು ಪೂರ್ತಿ ಹೋಯಿತು ಅಂತ ಹೇಳಿದರೆ ಸುಳ್ಳಾಗುತ್ತದೆ. ಈಗಲೂ ಸೋಮವಾರ ಸೋಮವಾರವೇ. ಆದರೆ ಏನೂ ಸಿಗದ ದಿನಕ್ಕೆ ಈಗ ಬೇರೆ ಅರ್ಥ ಬಂದಿದೆ. ಏನೂ ಸಿಗಲಿಲ್ಲ ಅಂದರೆ ಅಷ್ಟು ಆಂಪೂಲ್ ಯಾರದೋ ಅವ್ವನ ಹತ್ತಿರ ಸ್ವಚ್ಛವಾಗಿ ಹೋಗುತ್ತವೆ.

ಮುಂದೆ ಒಂದು ಟ್ರೇನಿಂಗಿನಲ್ಲಿ ಅಮೆರಿಕದ ಒಂದು ಪ್ರಯೋಗದ ವಿಷಯ ಕೇಳಿದೆ. ಆಡಂ ಗ್ರಾಂಟ್ ಅನ್ನುವ ಸಂಶೋಧಕರು ಮತ್ತು ಅವರ ಜೊತೆಯವರು 2007ರಲ್ಲಿ ಪ್ರಕಟಿಸಿದ್ದು. ಒಂದು ವಿಶ್ವವಿದ್ಯಾಲಯಕ್ಕಾಗಿ ಫೋನ್ ಮಾಡಿ ದೇಣಿಗೆ ಕೇಳುವವರ ಮೇಲೆ ಮಾಡಿದ ಪ್ರಯೋಗ. ಅದು ಬೇಸರದ ಕೆಲಸ, ದಿನವಿಡೀ “ಬೇಡ” ಅನ್ನಿಸಿಕೊಳ್ಳುವುದು. ಅವರಲ್ಲಿ ಕೆಲವರಿಗೆ ಆ ದುಡ್ಡಿನಿಂದ ವಿದ್ಯಾರ್ಥಿವೇತನ ಪಡೆದ ಒಬ್ಬ ವಿದ್ಯಾರ್ಥಿಯನ್ನು ಕೆಲವೇ ನಿಮಿಷ ಭೇಟಿ ಮಾಡಿಸಿದರು. ತಿಂಗಳ ನಂತರ ನೋಡಿದರೆ, ಅವರು ಫೋನಿನಲ್ಲಿ ಕಳೆದ ಹೊತ್ತು ಶೇಕಡಾ 142ರಷ್ಟು ಜಾಸ್ತಿ ಆಗಿತ್ತು. ಸಂಗ್ರಹಿಸಿದ ದುಡ್ಡು ಶೇಕಡಾ 171ರಷ್ಟು ಜಾಸ್ತಿ. ಸಂಬಳ ಅದೇ, ಕುರ್ಚಿ ಅದೇ, ಫೋನೂ ಅದೇ. ಕೇಳಿದಾಗ ನನಗೆ ಆಶ್ಚರ್ಯ ಆಗಲಿಲ್ಲ. ಹುಬ್ಬಳ್ಳಿಯಲ್ಲಿ ನನಗೆ ಸಿಕ್ಕಿದ್ದೂ ಎರಡು ಸೆಕೆಂಡೇ ಅಲ್ವಾ?

ಅದಕ್ಕೇ ಹೋದ ತಿಂಗಳ ಮೀಟಿಂಗಿನಲ್ಲಿ ಕೇಳಿದೆ, ಯಾರಾದರೂ ಒಬ್ಬ ನರ್ಸನ್ನು ಕರೆಸಿ, ಅರ್ಧ ಗಂಟೆ ನಮ್ಮ ಹುಡುಗಿಯರ ಜೊತೆ ಮಾತಾಡಿಸಿ ಅಂತ. ನೋಡೋಣ ಅಂದಿದ್ದಾರೆ. ಈ ತಿಂಗಳೂ ಕೇಳುತ್ತೇನೆ.

ಇನ್ನೊಂದು ಮಾತು ಹೇಳಲೇಬೇಕು. “ಪಾಸಿಟಿವ್ ಆಗಿರಿ” ಅನ್ನುವುದನ್ನು ದಣಿದವರ ಬಾಯಿ ಮುಚ್ಚಿಸಲು ಬಳಸಬಾರದು. ನಾನು ಮೊದಲು ಕೆಲಸ ಮಾಡಿದ ಕಡೆ, ಹೆಸರು ಬೇಡ, ಗಂಟೆಗೊಮ್ಮೆ ಕಣ್ಣಿಗೆ ಕೊಡಬೇಕಾದ ವಿರಾಮವನ್ನು ಲೆಕ್ಕ ಜಾಸ್ತಿ ಆಗಲಿ ಅಂತ ಕಡಿಮೆ ಮಾಡಿದ್ದರು. ಕೇಳಿದರೆ ನಿಮ್ಮ ಮನೋಭಾವ ಸರಿಯಿಲ್ಲ ಅಂದರು. ಕಣ್ಣು ಉರಿಯುವುದು ಮನೋಭಾವವಲ್ಲ. ಉರಿಯುವ ಕಣ್ಣಿಗೆ ನೂಲು ಕಾಣುವುದಿಲ್ಲ. ವಿರಾಮ ಕೊಡಿ, ಸರಿಯಾದ ಸಂಬಳ ಕೊಡಿ, ಉತ್ಸಾಹದ ಮಾತು ಆಮೇಲೆ ಆಡಿ.

ಕಾಯಕವೇ ಕೈಲಾಸ ಅಂತ ಕೇಳುತ್ತಾ ಬೆಳೆದವರು ನಾವು. ಆ ಮಾತು ಬಂದಾಗ ನನಗೆ ನೆನಪಾಗುವುದು ಆಯ್ದಕ್ಕಿ ಲಕ್ಕಮ್ಮ. 12ನೇ ಶತಮಾನದ ಕಲ್ಯಾಣದಲ್ಲಿ ಅವಳ ಗಂಡ ಮಾರಯ್ಯ ನೆಲಕ್ಕೆ ಬಿದ್ದ ಅಕ್ಕಿ ಆಯ್ದು ತರುತ್ತಿದ್ದ. ಒಂದು ದಿನ ಬೇಕಾದ್ದಕ್ಕಿಂತ ಜಾಸ್ತಿ ತಂದ. ಲಕ್ಕಮ್ಮ ಒಪ್ಪಲಿಲ್ಲ, ಇದನ್ನು ಅಲ್ಲೇ ಸುರಿದು ಬನ್ನಿ ಅಂತ ವಾಪಸ್ ಕಳಿಸಿದಳು. ಕಾಯಕಕ್ಕೂ ಒಂದು ಅಳತೆ ಇದೆ ಅಂತ ಅವಳಿಗೆ ಗೊತ್ತಿತ್ತು. ಆಯುವುದು ಅಂದರೆ ಒಂದೊಂದೇ ಕಾಳು ನೋಡುವುದು. ನಮ್ಮ ಅವ್ವ ಮೊರದಲ್ಲಿ ಅಕ್ಕಿ ಹರವಿಕೊಂಡು ಕಲ್ಲು ಆಯುತ್ತಿದ್ದಳು, ಬಾಗಿಲ ಬೆಳಕಿಗೆ ಮುಖ ಮಾಡಿ. ಆಗ ಅವಳನ್ನು ಯಾರೂ ಮಾತಾಡಿಸುತ್ತಿರಲಿಲ್ಲ. ಈಗ ನಾನು ಬೂತಿನಲ್ಲಿ ಕೂತಾಗ ಅವಳ ಕುತ್ತಿಗೆ ಬಾಗಿದ ರೀತಿ ನೆನಪಾಗುತ್ತದೆ.

ಹೊಸ ಹುಡುಗಿಗೆ ಮರುದಿನ ಅವ್ವನ ಕತೆ ಹೇಳಿದೆ. ಏನೂ ಅನ್ನಲಿಲ್ಲ. ಅವಳ ಮನಸ್ಸಿಗೆ ಹೋಯಿತೋ ಇಲ್ಲವೋ ಗೊತ್ತಿಲ್ಲ. ನಿನ್ನೆ ವಿರಾಮಕ್ಕೆ ಐದು ನಿಮಿಷ ಇರುವಾಗ ಕರೆದಳು, “ಅಕ್ಕಾ, ಇದು ಗುಳ್ಳೆ ಏನು, ನೂಲೇನು?” ಇಬ್ಬರೂ ಕಪ್ಪು ಹಲಗೆ ಮುಂದೆ ಬಗ್ಗಿದೆವು. ಅವಳೇ ಮೆಲ್ಲಗೆ ತಿರುಗಿಸಿ ನಿಲ್ಲಿಸಿದಳು. ರೆಪ್ಪೆಗಿಂತ ಸಣ್ಣದೊಂದು ಬಿಳಿ ಎಳೆ, ಒಂದು ಸುತ್ತು ಸುತ್ತಿ ಕೆಳಗಿಳಿಯಿತು.

“ನೂಲು” ಅಂದಳು. ಅದನ್ನು ತೆಗೆದು ಬೇರೆ ಟ್ರೇಯಲ್ಲಿಟ್ಟು ಮುಂದಿನದನ್ನು ಕೈಗೆತ್ತಿಕೊಂಡಳು.